ಗುಡ್ಡ ಇಳಿಯುವ ಸೈಕಲ್ಲು

ಗಜೇಂದ್ರಗಡ
12 ಮಾರ್ಚ್ 2008

ಕೊಣ್ಣೂರಿನ ಕಾಶೀಂಸಾಬ ಚಾಚಾ ಅವರಿಗೆ ದಾದಾಪೀರ ಮಾಡುವ ಸಲಾಂ.

ಹೋದ ತಿಂಗಳು ನನ್ನ ತಾಯಿ ಬದರುನ್ನಿಸಾ ಜೊತೆಗೆ ನಿಮ್ಮ ಮಗಳನ್ನು ನೋಡಲು ಬಂದಿದ್ದವನು ನಾನು. ಎರಡು ತಾಸು ಕುಳಿತೆ, ಒಂದು ಮಾತೂ ಆಡಲಿಲ್ಲ. ನೀವು ಕೇಳಿದ್ದಕ್ಕೆಲ್ಲ ಅಮ್ಮನೇ ಉತ್ತರ ಕೊಟ್ಟಳು. ಮರುದಿನ, ಈ ಸಂಬಂಧ ತಂದ ರೋಣದ ಜಂಗ್ಲಿಸಾಬ ಕಾಕಾ ಬಂದು ನೀವು ಹೇಳಿ ಕಳಿಸಿದ್ದನ್ನು ಹೇಳಿದರು. "ಹುಡುಗಗ ಬಾಯಿ ಐತೋ ಇಲ್ಲೋ ಗೊತ್ತಾಗಲಿಲ್ಲ. ಕೈ ಆದ್ರೂ ಐತೇನು ನೋಡೂಣು. ಏನ ಕೆಲಸಾ ಮಾಡ್ತಾನ, ಒಂದು ತೋರಸಲಿ. ರಂಜಾನ ಚಂದ್ರ ಕಾಣೂದ್ರೊಳಗ ಹೌದೋ ಅಲ್ಲೋ ಹೇಳ್ತೀನಿ" ಅಂದಿರಂತೆ.

ಆಮೇಲೆ ನೀವೇ ಫೋನ್ ಮಾಡಿದಿರಿ. ನಾನು ಹಲೋ ಎಂದೆ. ಮುಂದೆ ಏನೂ ಬರಲಿಲ್ಲ. ಲೈನ್ ಕಟ್ ಆಯಿತು ಎಂದು ನೀವು ಇಟ್ಟುಬಿಟ್ಟಿರಿ. ಲೈನ್ ಸರಿಯಾಗಿಯೇ ಇತ್ತು ಚಾಚಾ. ನಾನು ಓದಿದ್ದು ನಾಲ್ಕನೆಯ ಇಯತ್ತೆ. ಆದರೂ ಬರೆಯುವಾಗ ಯಾರೂ ಮುಖ ನೋಡುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ಸೈಕಲ್ ರಿಪೇರಿ ಅಂಗಡಿ ಇದೆ. ಪಂಕ್ಚರ್, ಬೆಂಡು ತೆಗೆಯುವುದು ಇವೆಲ್ಲ ತೋರಿಸುವಂಥ ಕೆಲಸಗಳಲ್ಲ. ಆದರೆ ಹದಿನೈದು ದಿನದ ಹಿಂದೆ ಒಂದು ಸೈಕಲ್ಲು ಬಂದಿದೆ. ನಮ್ಮ ಗುಡ್ಡದ ಮೇಲೆ ಕರೆಂಟು ಮಾಡುವ ಗಾಳಿ ಫ್ಯಾನು ನಿಲ್ಲಿಸಿದ್ದಾರಲ್ಲ, ಆ ಕೆಲಸಕ್ಕೆ ಪರದೇಶದಿಂದ ಒಬ್ಬ ಇಂಜಿನಿಯರ್ ಬಂದಿದ್ದ. ಅವನು ರವಿವಾರಕ್ಕೊಮ್ಮೆ ಈ ಸೈಕಲ್ಲು ಹತ್ತಿ, ಮೇಲಿನಿಂದ ಕಲ್ಲುದಾರಿಯಲ್ಲಿ ಕೆಳಗೆ ಬರುತ್ತಿದ್ದನಂತೆ. ಏರುವುದಕ್ಕಲ್ಲ, ಇಳಿಯುವುದಕ್ಕೆಂದೇ ಮಾಡಿದ ಸೈಕಲ್ಲಿದು. ಕೆಲಸ ಮುಗಿಸಿ ಊರಿಗೆ ಹೋಗುವಾಗ ಅದನ್ನು ಫ್ಯಾನು ಕಾಯುವ ಯಮನೂರಪ್ಪನಿಗೆ ಕೊಟ್ಟು ಹೋದ. ಯಮನೂರಪ್ಪ ಎರಡು ವರ್ಷ ಅದರ ಮೇಲೆ ನೀರಿನ ಕೊಡ ಹೊತ್ತು, ಮಳೆಯಲ್ಲಿ ಬಿಟ್ಟು, ಈಗ ನನ್ನ ಅಂಗಡಿಗೆ ತಂದು ಒರಗಿಸಿದ್ದಾನೆ. "ದಿನಾ ಸಂಜಿಕ ಡ್ಯೂಟಿ ಮುಗಿಸಿ ಇಳೀಲಿಕ್ಕ ಒಂದ ತಾಸು ಹಿಡಿತೈತಿ. ಇದೊಂದು ನಡದ್ರ ಚಹಾ ಆರೂದ್ರಾಗ ಮನ್ಯಾಗಿರ್ತೀನಿ. ಪಂಚಮಿಗೆ ಗೆಳ್ಯಾರ ಜೋಡಿ ಪಂತಾನೂ ಕಟ್ಟೀನಿ, ಕಾಲ ಊರಲಾರದ ಕೆಳಗ ಬರ್ತೀನಂತ" ಎನ್ನುತ್ತಾನೆ.

ಟಾಯರು ಎಮ್ಮೆಯ ಕೊರಳಿನಷ್ಟು ದಪ್ಪ. ಮುಂದೆ ಮೋಟಾರ್ ಸೈಕಲ್ಲಿಗೆ ಇರುವಂಥ ಎರಡು ಕಾಲು. ಗಾಲಿಯ ನಡುವೆ ಸ್ಟೀಲಿನ ತಟ್ಟೆ, ಬ್ರೇಕು ಆ ತಟ್ಟೆಯನ್ನು ಹಿಡಿಯುತ್ತದೆ. ಸೀಟಿನ ಕೆಳಗೆ ಒಂದು ದಪ್ಪ ಸ್ಪ್ರಿಂಗು. ಒಂದೇ ದೊಡ್ಡ ದೋಷವೆಂದರೆ ಚೌಕಟ್ಟು ನಡುವೆ ನಾಲ್ಕು ಕಡೆ ಮುರಿದು ಅಲುಗಾಡುತ್ತದೆ. ಬೆಸೆಯೋಣವೆಂದರೆ ಇದು ಅಲ್ಯೂಮಿನಿಯಂ, ನಮ್ಮ ಊರಿನ ವೆಲ್ಡಿಂಗ್ ಹಿಡಿಯುವುದಿಲ್ಲ. ಅದಕ್ಕೆ ನಿಮ್ಮ ಅಂಗಡಿಯ ಲೇಥ್ ಯಂತ್ರದಲ್ಲಿ ನಾಲ್ಕು ಕಬ್ಬಿಣದ ಪಟ್ಟಿ ಮಾಡಿಕೊಟ್ಟರೆ ಆ ಜಾಗಗಳನ್ನು ಅಪ್ಪಿ ಬಿಗಿಯಬಹುದು. ಪೈಪಿನ ದುಂಡು ಗೊತ್ತಾಗಲೆಂದು ಎರಡು ಅರಿವೆ ಸಾಬೂನಿಗೆ ಒತ್ತಿ ಅಚ್ಚು ತೆಗೆದು, ನರಗುಂದದ ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸಿದ್ದೇನೆ.

ಇದು ನನ್ನ ಕೆಲಸ. ನೀವು ನೋಡಿ ಹೇಳಬೇಕು.

ತಮ್ಮ ಮಾತಿನ ದಾರಿ ಕಾಯುವ,
ದಾದಾಪೀರ


ಕೊಣ್ಣೂರು
22 ಮಾರ್ಚ್ 2008

ದಾದಾಪೀರ ಅವರಿಗೆ,

ಅಬ್ಬಾ ಹೇಳುತ್ತಿದ್ದಾರೆ, ನಾನು ಬರೆಯುತ್ತಿದ್ದೇನೆ. ಅವರಿಗೆ ಕನ್ನಡ ಓದಲು ಬರುವುದಿಲ್ಲ. ನಿಮ್ಮ ಪತ್ರವನ್ನು ಲೇಥಿನ ಮುಂದೆ ನಿಂತು ಎರಡು ಸಲ ಓದಿ ಹೇಳಿದೆ. ಲೈನ್ ಸರಿಯಾಗಿತ್ತು ಎನ್ನುವಲ್ಲಿ ಅವರು ಯಂತ್ರ ಬಂದ್ ಮಾಡಿ ನಕ್ಕರು.

ಸಾಬೂನು ಬಂತು. ಬಂದ ದಿನ ಅಬ್ಬಾ ನರಗುಂದಕ್ಕೆ ಹೋಗಿದ್ದರು. ಅಮ್ಮ ಹಸನಬಿ ಅದನ್ನು ಬಿಚ್ಚಿ, ಹುಡುಗನ ಮನೆಯವರು ಕಳಿಸಿದ ಕಾಣಿಕೆ ಎಂದು ತಿಳಿದಳು. ಕಾಣಿಕೆಗೆ ಅರಿವೆ ಸಾಬೂನು ಯಾಕೆ ಕಳಿಸಿದರೆಂದು ಅಕ್ಕಪಕ್ಕದವರನ್ನೂ ಕೇಳಿದಳು. ಆಮೇಲೆ ಹೊಳೆಗೆ ತೆಗೆದುಕೊಂಡು ಹೋಗಿ ಎರಡು ಚಾದರ, ಅಬ್ಬಾ ಅವರ ಎಣ್ಣೆಯ ಅಂಗಿ ಒಗೆದು ಬಂದಳು. ಅಚ್ಚು ಮಲಪ್ರಭೆಯಲ್ಲಿದೆ. ಅಬ್ಬಾ ಹೇಳಿದ ಹಾಗೆಯೇ ಬರೆಯುತ್ತೇನೆ:

"ದಾದಾಪೀರ, ಸಾಬೂನು ಕಳಸಬ್ಯಾಡಪಾ. ನಮ್ಮನ್ಯಾಗ ಸಾಬೂನು ಕಂಡ್ರ ಅರಿವಿ ನೆನಪಾಗ್ತಾವು. ಪೈಪಿಗೆ ದಾರ ಸುತ್ತಿ, ಗಂಟ ಹಾಕಿ ಕಳಸು. ನಾಕು ಪಟ್ಟಿ ನಾನ ಮಾಡ್ತೀನಿ. ಅಲಗಾಡೂದು ಅಂದ್ರ ಮುರದದ್ದು, ಇದರಾಗ ಇಚಾರ ಮಾಡೂದೇನಿಲ್ಲ. ನನ್ನ ಪಟ್ಟಿ ಬಿಗದ್ರ ಕಯಾಮತ್ ಬಂದ್ರೂ ಮಿಸುಕೂದಿಲ್ಲ. ಆ ಸ್ಪ್ರಿಂಗ ಶೋಕಿಗೆ ಇಟ್ಟಿರಬೇಕು, ಪರದೇಶದವ್ರ ಕೆಲಸಾನ ಹಂಗ."

ಇಷ್ಟು ಹೇಳಿ ಅಬ್ಬಾ ನೀರು ಕುಡಿಯಲು ಹೋಗಿದ್ದಾರೆ. ಇನ್ನೆರಡು ಸಾಲು ನನ್ನವು. ನಾನು ಐದನೆಯ ಇಯತ್ತೆ ಮುಗಿಸಿದ ಮೇಲೆ ಇಲ್ಲಿಯೇ, ಅಬ್ಬಾ ಪಂಪು ರಿಪೇರಿ ಮಾಡುವ ಅಂಗಡಿಯಲ್ಲಿ, ಸೀಮೆ ಎಣ್ಣೆಯಲ್ಲಿ ಪಂಪಿನ ಸಾಮಾನು ತೊಳೆಯುತ್ತೇನೆ. ಮುರಿದ ಜಾಗ ಒರಟಾಗಿರುತ್ತದೆ, ಕೈಗೆ ಚುಚ್ಚುತ್ತದೆ. ಉಜ್ಜಿ ಉಜ್ಜಿ ತಿರುಗಿದ ಜಾಗ ಮಾತ್ರ ಹೊಳೆಯುತ್ತದೆ. ನಿಮ್ಮ ಸೈಕಲ್ಲಿನ ಆ ನಾಲ್ಕು ಕಡೆ ಹೇಗಿದೆ?

ಅಬ್ಬಾ ಬಂದರು.

ಕಾಶೀಂಸಾಬ
(ಬರೆದವಳು ಹುಸ್ನಾ)


ಗಜೇಂದ್ರಗಡ
9 ಏಪ್ರಿಲ್ 2008

ಕಾಶೀಂಸಾಬ ಚಾಚಾ ಅವರಿಗೆ ಸಲಾಂ.

ನಾಲ್ಕು ದಾರ ಕಳಿಸಿದ್ದೇನೆ. ಕೆಂಪು ದಾರದ ಗಂಟು ಮೇಲಿನ ಪೈಪಿನದು, ಉಳಿದವು ಕೆಳಗಿನವು. ಹಸನಬಿ ಚಾಚಿಗೆ ಬೇರೆಯಾಗಿ ನಾಲ್ಕು ಸಾಬೂನು ಇಟ್ಟಿದ್ದೇನೆ. ಅವುಗಳ ಮೇಲೆ ಯಾವ ಅಚ್ಚೂ ಇಲ್ಲ, ನಿಶ್ಚಿಂತೆಯಿಂದ ಒಗೆಯಬಹುದು.

ಕೆಲಸ ನಡೆದಿದೆ. ಮುಂದಿನ ಕಾಲುಗಳನ್ನು ಬಿಚ್ಚಿದಾಗ ಒಳಗಿನಿಂದ ಅರ್ಧ ಬಟ್ಟಲು ಕರಿ ನೀರು ಮತ್ತು ಒಂದು ಸತ್ತ ಚೇಳು ಬಂತು. ಹೊಸ ಎಣ್ಣೆ ತುಂಬಿದೆ. ಯಮನೂರಪ್ಪ ಚೈನಿಗೆ ಬದಲು ಒಂದು ಕಡೆ ತಂತಿ ಕಟ್ಟಿದ್ದ, ಅದನ್ನು ತೆಗೆದು ಕೊಂಡಿ ಕೂಡಿಸಿದೆ. ಬ್ರೇಕಿನ ಪೈಪಿನಲ್ಲಿ ಗಾಳಿ ತುಂಬಿತ್ತು, ಮೋಟಾರ್ ಸೈಕಲ್ಲಿನ ಬ್ರೇಕ್ ಎಣ್ಣೆ ಹಾಕಿ ಗಾಳಿ ತೆಗೆದೆ. ಗಾಲಿಯ ತಟ್ಟೆಗಳು ಜಂಗು ಹಿಡಿದಿದ್ದವು. ಮರಳುಕಾಗದದಲ್ಲಿ ತಿಕ್ಕಿ, ಮತ್ತೆ ಜಂಗು ಹಿಡಿಯಬಾರದೆಂದು ಕೊಬ್ಬರಿ ಎಣ್ಣೆ ಹಚ್ಚಿದ್ದೇನೆ. ಈಗ ಮುಖ ಕಾಣುತ್ತದೆ. ಆದರೆ ಬ್ರೇಕು ಯಾಕೋ ಹಿಡಿಯುತ್ತಿಲ್ಲ, ಎಷ್ಟು ಒತ್ತಿದರೂ ಜಾರುತ್ತದೆ.

ನಿಮ್ಮ ಪಟ್ಟಿಗಾಗಿ ಕಾಯುತ್ತಿದ್ದೇನೆ.

ಮುಂದಿನ ಸಾಲನ್ನು ಗಟ್ಟಿಯಾಗಿ ಓದುವ ಅಗತ್ಯವಿಲ್ಲ. ಆ ನಾಲ್ಕು ಕಡೆಯೂ ಬೆರಳಾಡಿಸಿ ನೋಡಿದೆ. ಚುಚ್ಚಲಿಲ್ಲ. ಹೊಳೆಯುತ್ತದೆ.

ಕೈಗೆ ಎಣ್ಣೆ ಮೆತ್ತಿದ,
ದಾದಾಪೀರ


ಕೊಣ್ಣೂರು
20 ಏಪ್ರಿಲ್ 2008

ದಾದಾಪೀರ ಅವರಿಗೆ,

ಕೊಬ್ಬರಿ ಎಣ್ಣೆಯ ಸುದ್ದಿ ಓದುತ್ತಿದ್ದ ಹಾಗೆಯೇ ಅಬ್ಬಾ ಕೈಯಲ್ಲಿದ್ದ ಬೋಲ್ಟು ಬಿಗಿಯುವ ಪಾನಾ ಕೆಳಗಿಟ್ಟರು. ಅವರ ಮಾತು ಇದು:

"ಯಪ್ಪಾ, ಬ್ರೇಕಿಗೆ ಎಣ್ಣಿ ಹಚ್ಚಾಂವನ ಕೈಯಾಗ ಮಗಳ್ನ ಕೊಟ್ರ ಆಕಿ ಎಲ್ಲಿ ಹೋಗಿ ನಿಂದ್ರತಾಳ? ಜಗತ್ತಿನ್ಯಾಗ ಎಲ್ಲಾಕ್ಕೂ ಎಣ್ಣಿ ಬೇಕು, ಬ್ರೇಕಿಗೊಂದು ಬ್ಯಾಡ. ಹಸನಬಿಗೆ ಕಳಿಸೀಯಲ್ಲ ಸಾಬೂನು, ಅಂಥಾದ್ದೊಂದು ನೀ ತಗೊಂಡು ಆ ತಟ್ಟಿ ತೊಳಿ. ಬಿಸಿನೀರಾಗ ತೊಳಿ. ಬಟ್ಟಿಲೆ ಒರಸು, ಮತ್ತ ಬೆರಳ ಮುಟ್ಟಸಬ್ಯಾಡ. ನಾಕು ಪಟ್ಟಿ ಕಳಿಸೀನಿ. ಒಂದೊಂದು ಪಟ್ಟಿ ಅರ್ಧಾ ದಿನಾ ಹಿಡದೈತಿ. ಟ್ರ್ಯಾಕ್ಟರ ಟ್ರಾಲಿಗೂ ಇಷ್ಟು ಚಲೋ ಮಾಡಿಲ್ಲ ನಾ. ಬಿಗದು ತಿಳಸು."

ಪಟ್ಟಿಗಳನ್ನು ಅಬ್ಬಾ ಖರೇ ಪ್ರೀತಿಯಿಂದ ಮಾಡಿದ್ದಾರೆ. ಮೂಲೆಗಳನ್ನು ಕೂಡ ತಿಕ್ಕಿ ದುಂಡಗೆ ಮಾಡಿದ್ದಾರೆ.

ಸವಡಿಯಿಂದ ಇನ್ನೊಂದು ಸಂಬಂಧದ ಮಾತು ಬಂದಿದೆ. ಹುಡುಗನ ಬಟ್ಟೆ ಅಂಗಡಿ ಇದೆ. ಅವನು ಬಂದು ಕುಳಿತಾಗ ಅಬ್ಬಾಗೆ ಬಾಯಿ ತೆರೆಯಲು ಜಾಗವೇ ಸಿಗಲಿಲ್ಲ. ಹೋದ ಮೇಲೆ ಅಮ್ಮ ಅಂದಳು: "ಒಬ್ಬಾಂವಗ ಬಾಯಿಲ್ಲ, ಒಬ್ಬಾಂವಗ ಎರಡದಾವು. ನಡುವಿನಾಂವ ಎಲ್ಲೂ ಇಲ್ಲೇನು?" ಅಬ್ಬಾ ರಂಜಾನಿನ ವಾಯಿದೆಯನ್ನೇ ಅವರಿಗೂ ಹೇಳಿದ್ದಾರೆ.

ಇದು ನನ್ನ ಸಾಲು. ಹೊಳೆಯುತ್ತದೆ ಎಂದು ಬರೆದಿರಿ. ಹಾಗಾದರೆ ಅದು ಮುರಿದಿಲ್ಲ, ಅಲುಗಾಡಲೆಂದೇ ಮಾಡಿದ್ದು. ಇದನ್ನು ಅಬ್ಬಾಗೆ ನೀವೇ ಹೇಳಬೇಕು. ನಾನು ಹೇಳಿದರೆ ಪಂಪಿನ ಬುದ್ಧಿ ಸೈಕಲ್ಲಿಗೆ ನಡೆಯದು ಎನ್ನುತ್ತಾರೆ. ಪಟ್ಟಿ ಬಿಗಿಯುವ ಮೊದಲು ಬರೆಯಿರಿ.

ಕಾಶೀಂಸಾಬ
(ಬರೆದವಳು ಹುಸ್ನಾ)


ಗಜೇಂದ್ರಗಡ
2 ಜೂನ್ 2008

ಕಾಶೀಂಸಾಬ ಚಾಚಾ ಅವರಿಗೆ ಸಲಾಂ.

ಒಂದು ತಿಂಗಳಿಗೂ ಹೆಚ್ಚು ಕಾಲ ನಾನು ಬರೆಯಲಿಲ್ಲ. ಈ ಪತ್ರವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ಇದನ್ನು ಪೂರ್ತಿ ಓದಿ ಹೇಳಬೇಕೆಂದು ಓದುವವರನ್ನು ಕೇಳಿಕೊಳ್ಳುತ್ತೇನೆ. ಯಾವ ಸಾಲನ್ನೂ ಬಿಡುವುದು ಬೇಡ.

ನಿಮ್ಮ ಪಟ್ಟಿಗಳು ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಲಿಲ್ಲ. ದಾರದ ಗಂಟು ನೋಡಿ ಇಷ್ಟು ಸರಿಯಾಗಿ ಮಾಡುವವರನ್ನು ನಾನು ಕಂಡಿಲ್ಲ. ಬಿಗಿದೆ. ಸೈಕಲ್ಲು ಬಂಡೆಯ ಹಾಗೆ ನಿಂತಿತು. ತಟ್ಟೆಯನ್ನು ಸಾಬೂನಿನಲ್ಲಿ ತೊಳೆದ ಮೇಲೆ ಬ್ರೇಕೂ ಹಿಡಿಯಿತು. ಮೇ ತಿಂಗಳ ಕೊನೆಯ ರವಿವಾರ ಯಮನೂರಪ್ಪ ಮೇಲಿನಿಂದ ಹೊರಟ. ನಾನು ಕೆಳಗೆ ನಿಂತಿದ್ದೆ. ಮೊದಲನೆಯ ಕಲ್ಲಿಗೆ ಹಿಂದಿನ ಗಾಲಿ ಅವನನ್ನು ಒಂದು ಗೇಣು ಎತ್ತಿತು. ಎರಡನೆಯ ಕಲ್ಲಿಗೆ ಒಂದು ಮೊಳ. ಮೂರನೆಯದಕ್ಕೆ ಅವನು ಸೈಕಲ್ಲು ಬಿಟ್ಟು ಬೇಲಿ ದಾಟಿ, ಅಡಿವೆವ್ವನ ಹೊಲದ ಜೋಳದ ಕಣಕಿ ಬಣವಿಯಲ್ಲಿ ತಲೆ ಕೆಳಗಾಗಿ ಹೋಗಿ ನಿಂತ. ನಿಮ್ಮ ಒಂದು ಪಟ್ಟಿ ನಡುವೆ ಸೀಳಿತು.

ಪುಣ್ಯಕ್ಕೆ ಅವನಿಗೆ ಏನೂ ಆಗಲಿಲ್ಲ, ಸೊಂಟ ಮಾತ್ರ ಉಳುಕಿದೆ. ಅಡಿವೆವ್ವ ಓಡಿ ಬಂದು ಮೊದಲು ಬಣವಿಯನ್ನು ನೋಡಿದಳು, ಆಮೇಲೆ ಇವನನ್ನು ನೋಡಿದಳು. ನಾವಿಬ್ಬರೂ ಕಾಲು ಹಿಡಿದು ಎಳೆದಾಗ ಅವನು ಬಾಯಿಯೊಳಗಿನ ಕಣಕಿ ಉಗುಳಿ ಹೇಳಿದ: "ಕತ್ತಿ ಒದ್ದಂಗ ಒದೀತಲೊ. ಆ ಸಾಹೇಬ ಕುಂತಾಗ ಹಿಂಗ ಒದೀತಿದ್ದಿಲ್ಲ. ಮರಳಾಗಿನ ಒಂಟಿ ಕುಂತಂಗ ಮೆತ್ತಗ ಕುಂತು ಏಳ್ತಿತ್ತು."

"ಮೊದಲಽ ಯಾಕ ಹೇಳಲಿಲ್ಲ?" ಎಂದೆ.

"ನೀ ಎಲ್ಲಿ ಕೇಳಿದಿ?" ಎಂದ.

ಅವನು ಹೇಳದಿದ್ದರೂ ನನಗೆ ಗೊತ್ತಿತ್ತು. ಅದನ್ನೇ ಬರೆಯಬೇಕಾಗಿದೆ. ಆ ನಾಲ್ಕು ಜಾಗ ಮುರಿದಿರಲಿಲ್ಲ ಚಾಚಾ. ಬಾಗಿಲಿನ ಕೀಲಿನ ಹಾಗೆ ತಿರುಗಲೆಂದೇ ಮಾಡಿದ್ದಾರೆ. ಗಾಲಿ ಕಲ್ಲು ಹತ್ತಿದಾಗ ಹಿಂದಿನ ಭಾಗ ಮೇಲೆ ಬಂದು ಆ ಸ್ಪ್ರಿಂಗನ್ನು ಒತ್ತುತ್ತದೆ, ಮನುಷ್ಯನಿಗೆ ಏಟು ಮುಟ್ಟುವುದಿಲ್ಲ. ಒಳಗೆ ಉಂಗುರದಂಥ ನಾಲ್ಕು ಹಿತ್ತಾಳೆಯ ಬುಶ್ ಇವೆ. ಅವು ಸವೆದು ಸಡಿಲಾದದ್ದನ್ನು ನಾನು ಮುರಿದದ್ದೆಂದು ತಿಳಿದೆ. ನಿಮಗೂ ಹಾಗೆಯೇ ಬರೆದೆ. ನೀವು ಕಣ್ಣಿಂದ ನೋಡಿರಲಿಲ್ಲ, ನಾನು ನೋಡಿದ್ದೆ. ನಿಮ್ಮ ಪತ್ರ ಬರೆಯುವವರು ಮಾರ್ಚಿನಲ್ಲಿಯೇ, ಅದು ಹೊಳೆಯುತ್ತದೆಯೇ ಎಂದು ಕೇಳಿದ್ದರು. ಪಟ್ಟಿ ಬಿಗಿಯುವ ಮೊದಲು ನಿಮಗೆ ತಿಳಿಸಿ ಎಂದೂ ಬರೆದಿದ್ದರು. ಅಷ್ಟಾದರೂ ನಾನು ಬಿಗಿದೆ. ಅರ್ಧ ದಿನಕ್ಕೊಂದರಂತೆ ನೀವು ಮಾಡಿದ ಪಟ್ಟಿ ಬೇಡವೆಂದು ನಿಮಗೆ ಹೇಳುವ ಧೈರ್ಯ ಬರಲಿಲ್ಲ. ನನ್ನ ಅಂಜಿಕೆಗೆ ಯಮನೂರಪ್ಪ ಬಣವಿಯಲ್ಲಿ ಬಿದ್ದ. ಬಣವಿ ಇಲ್ಲದಿದ್ದರೆ ಅಲ್ಲಿ ಕಲ್ಲೇ ಇದೆ.

ನಾಲ್ಕೂ ಪಟ್ಟಿ ಬಿಚ್ಚಿದ್ದೇನೆ. ಎಣ್ಣೆ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೇನೆ. ಸ್ಪ್ರಿಂಗು ಪೂರ್ತಿ ಸತ್ತಿದೆ, ಅದರ ಜಾಗಕ್ಕೆ ಹಳೆಯ ಲೂನಾ ಗಾಡಿಯ ಶಾಕ್ ಅಬ್ಸಾರ್ಬರ್ ಒಂದನ್ನು ಹೊಂದಿಸಿದ್ದೇನೆ. ಸವೆದ ನಾಲ್ಕು ಬುಶ್‌ಗಳನ್ನು ಈ ಪತ್ರದ ಜೊತೆ ಕಳಿಸುತ್ತಿದ್ದೇನೆ. ಇಂಥವನ್ನು ಮಾಡಬಲ್ಲವರು ನನಗೆ ಗೊತ್ತಿದ್ದಂತೆ ನೀವೊಬ್ಬರೇ.

ನಿಮ್ಮ ಮಾತು ತಪ್ಪೆಂದು ಬರೆದಿದ್ದೇನೆ. ಇನ್ನು ನೀವು ಹೇಗೆ ಹೇಳುತ್ತೀರೋ ಹಾಗೆ.

ತಪ್ಪಿನ ಪಾಲುದಾರ,
ದಾದಾಪೀರ


ಕೊಣ್ಣೂರು
28 ಜೂನ್ 2008

ದಾದಾಪೀರ ಅವರಿಗೆ,

ಇದನ್ನು ಅಬ್ಬಾ ಹೇಳಿ ಬರೆಸುತ್ತಿಲ್ಲ. ಅವರು ಹೊಲದ ಕಡೆ ಪಂಪು ಎತ್ತಲು ಹೋಗಿದ್ದಾರೆ.

ನಿಮ್ಮ ಪತ್ರ ಬಂದಾಗ ನಾನು ಮೊದಲು ಒಬ್ಬಳೇ ಓದಿದೆ. ಓದಿ ಅಕ್ಕಿ ಡಬ್ಬಿಯಲ್ಲಿ ಇಟ್ಟೆ. ಅಬ್ಬಾ ದಿನವೂ ಕೇಳುತ್ತಿದ್ದರು: "ಆ ಮೂಕನ ಕಾಗದ ಬಂತೇನ? ನನ್ನ ಪಟ್ಟಿ ಹ್ಯಾಂಗದಾವಂತ?" ಇನ್ನೂ ಬಂದಿಲ್ಲ ಅಬ್ಬಾ ಎನ್ನುತ್ತಿದ್ದೆ. ಹದಿನಾರು ದಿನ ಸುಳ್ಳು ಹೇಳಿದೆ. ಕೊನೆಗೆ, ನೀವು ಬರೆದಷ್ಟನ್ನು ಓದುವ ಧೈರ್ಯವೂ ನನಗಿಲ್ಲವೇ ಎನ್ನಿಸಿತು. ತೆಗೆದು ಓದಿದೆ. ಒಂದು ಸಾಲೂ ಬಿಡಲಿಲ್ಲ, ನನ್ನ ಬಗ್ಗೆ ಇದ್ದದ್ದನ್ನೂ ಬಿಡಲಿಲ್ಲ.

ಬಣವಿಯ ಸುದ್ದಿಗೆ ಅಮ್ಮ ನಕ್ಕಳು. ಅಬ್ಬಾ ನಗಲಿಲ್ಲ. "ನನ್ನ ಪಟ್ಟಿ ಬಿಚ್ಯಾನ?" ಎಂದು ಮಾತ್ರ ಕೇಳಿದರು. ಹೌದು ಎಂದೆ. "ನನ್ನ ಕಾಗದದಾಗ ನೀ ಯಾವಾಗಿಂದ ನಿನ್ನ ಮಾತು ಬರೀಲಿಕ್ಕ ಹತ್ತಿ?" ಎಂದರು. ಮೊದಲ ಕಾಗದದಿಂದ ಎಂದೆ. ಬುಶ್‌ಗಳನ್ನು ಅಂಗೈ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಅವುಗಳನ್ನು ಕಿಡಕಿಯಲ್ಲಿಟ್ಟು, "ಮೂವತ್ತು ವರ್ಷ ಆತು ನಾ ಕಬ್ಬಣದಾಗ ಕೈ ಆಡಿಸಿ" ಎಂದು ಯಾರಿಗೂ ಅಲ್ಲದ ಹಾಗೆ ಹೇಳಿ ಹೊರಗೆ ಹೋದರು.

ಅಂದಿನಿಂದ ನಿಮ್ಮ ಹೆಸರು ಎತ್ತಿಲ್ಲ. ಹೊಳೆಯ ನೀರು ಹೆಚ್ಚಿದೆ, ದಂಡೆಯ ಪಂಪುಗಳೆಲ್ಲ ಮುಳುಗಿವೆ, ಅದರ ಕೆಲಸವೇ ಬೇಕಾದಷ್ಟಿದೆ. ಸವಡಿಯವರು ಎರಡು ಸಲ ಬಂದು ಹೋದರು.

ನೀವು ಬರೆದದ್ದು ತಪ್ಪಾಯಿತು ಎಂದು ನಾನು ಅಂದುಕೊಂಡಿಲ್ಲ. ಇಷ್ಟನ್ನು ನಿಮಗೆ ತಿಳಿಸಬೇಕೆನ್ನಿಸಿತು.

ಹುಸ್ನಾ


ಗಜೇಂದ್ರಗಡ
10 ಜುಲೈ 2008

ಕಾಶೀಂಸಾಬ ಚಾಚಾ ಅವರಿಗೆ ಸಲಾಂ.

ಸಿಟ್ಟು ನನ್ನ ಮೇಲಿರಲಿ, ಪತ್ರ ಬರೆದವರ ಮೇಲೆ ಬೇಡ. ಅವರು ಕೇಳಿದ್ದು ಸರಿಯಾದ ಪ್ರಶ್ನೆ. ನನ್ನ ಉತ್ತರ ತಡವಾಯಿತು.

ಸೈಕಲ್ಲು ಬುಶ್ ಇಲ್ಲದೆ ಬಿಚ್ಚಿಯೇ ಇದೆ. ಬೇರೆ ಯಾರ ಹತ್ತಿರವೂ ಮಾಡಿಸುವುದಿಲ್ಲ. ಪಂಚಮಿಯ ಪಂತ ತಪ್ಪಿದರೆ ತಪ್ಪಲಿ ಎಂದು ಯಮನೂರಪ್ಪನಿಗೆ ಹೇಳಿದ್ದೇನೆ. "ನನಗ ಪಂತಕ್ಕಿಂತ ನನ್ನ ಸೊಂಟ ದೊಡ್ಡದು, ನೀ ಸಾವಕಾಶ ಮಾಡು" ಎಂದಿದ್ದಾನೆ.

ದಾದಾಪೀರ


ಗಜೇಂದ್ರಗಡ
7 ಆಗಸ್ಟ್ 2008

ಹುಸ್ನಾ ಅವರಿಗೆ,

ನಿಮ್ಮ ಹೆಸರಿಗೆ ಬರೆಯುತ್ತಿರುವುದು ಇದೇ ಮೊದಲು. ನಿನ್ನೆ ಸಂಜೆ ಬಸ್ಸು ಹತ್ತುವಾಗ ನಿಮ್ಮ ಅಬ್ಬಾ ಹೇಳಿದರು: "ಮನಿಗೆ ಹೋಗಿ ನಾ ಏನೂ ಹೇಳೂದಿಲ್ಲ. ಆದದ್ದೆಲ್ಲಾ ಆಕಿಗೆ ನೀನಽ ಬರಿ. ಹೆಚ್ಚ ಕಡಿಮಿ ಬರದರ ನೋಡು." ಆದ್ದರಿಂದ ಆದದ್ದನ್ನಷ್ಟೇ ಬರೆಯುತ್ತೇನೆ.

ನಿನ್ನೆ ಪಂಚಮಿ. ಓಣಿಯಲ್ಲೆಲ್ಲ ಹೆಣ್ಣುಮಕ್ಕಳು ಜೋಕಾಲಿ ಆಡುತ್ತಿದ್ದರು. ನಾನು ಅಂಗಡಿ ತೆರೆದು ಸುಮ್ಮನೆ ಕುಳಿತಿದ್ದೆ. ಮೊದಲನೆಯ ಬಸ್ಸಿನಿಂದ ಅವರು ಇಳಿದು ಬಂದರು. ಸಲಾಂ ಮಾಡಿದೆ. "ಸೈಕಲ್ ಎಲ್ಲೈತಿ?" ಎಂದರು. ತೋರಿಸಿದೆ. ಅದರ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ನಾಲ್ಕೂ ಕೀಲುಗಳಲ್ಲಿ ಬೆರಳು ತೂರಿಸಿ ನೋಡಿದರು. ಆಮೇಲೆ ಜೇಬಿನಿಂದ ಕರವಸ್ತ್ರದ ಗಂಟು ತೆಗೆದು ಬಿಚ್ಚಿದರು. ನಾಲ್ಕು ಹೊಸ ಬುಶ್. ಚಿನ್ನದ ಹಾಗಿದ್ದವು. ಯಾವಾಗ ಮಾಡಿದರೋ ಗೊತ್ತಿಲ್ಲ.

ಮಧ್ಯಾಹ್ನದವರೆಗೆ ಇಬ್ಬರೂ ಸೇರಿ ಕೂಡಿಸಿದೆವು. ಅಮ್ಮ ಪಂಚಮಿಯ ಉಂಡಿ, ಜೋಳದ ಅಳ್ಳು ತಂದು ಕೊಟ್ಟಳು. ಕೆಲಸ ಮುಗಿಯುವವರೆಗೆ ಏನೂ ಬೇಡವೆಂದರು. ಕೊನೆಯ ಬೋಲ್ಟು ಬಿಗಿದ ಮೇಲೆ ಸೀಟನ್ನು ಅಂಗೈಯಿಂದ ಒತ್ತಿದರು. ಸೈಕಲ್ಲು ಮೆತ್ತಗೆ ಕುಳಿತು ಮೆತ್ತಗೆ ಎದ್ದಿತು. ಇನ್ನೊಮ್ಮೆ ಒತ್ತಿದರು. ಆಮೇಲೆ ಎಂಟು ಹತ್ತು ಸಲ ಒತ್ತಿದರು. "ಯಮನೂರಪ್ಪ ಅಂದಂಗ ಒಂಟೀನ ಹೌದು" ಎಂದರು.

ಗುಡ್ಡಕ್ಕೆ ಹೋದೆವು. ಯಮನೂರಪ್ಪ ಸೊಂಟಕ್ಕೆ ಪಟ್ಟೆ ಕಟ್ಟಿಕೊಂಡು ಬಂದಿದ್ದ. ತಾನು ಹತ್ತುವುದಿಲ್ಲ ಎಂದ. ಅವನ ಪಂತದ ಗೆಳೆಯರು ಕೆಳಗೆ ಕೆರೆ ದಂಡೆಯಲ್ಲಿ ಕುಳಿತಿದ್ದರು. ಹೇಗೂ ನಾನೇ ಇಳಿಯಬೇಕು, ಕಟ್ಟಿದವನೇ ಹತ್ತಬೇಕು ಎಂದು ನಿಮ್ಮ ಅಬ್ಬಾ ಅವರೂ ಹೇಳಿದ್ದರು. ನಾನು ಪ್ಯಾಂಟಿನ ಕಾಲು ಮಡಚುತ್ತಿದ್ದೆ. ಅಷ್ಟರಲ್ಲಿ ಅವರು, "ಸ್ವಲ್ಪ ತಡಿ, ಕುಂತ ನೋಡ್ತೀನಿ" ಎಂದು ಸೀಟಿನ ಮೇಲೆ ಕುಳಿತರು. ಕುಳಿತ ಮೇಲೆ ಎರಡೂ ಕಾಲು ಎತ್ತಿದರು. ಯಾಕೆ ಎತ್ತಿದರೋ ದೇವರಿಗೆ ಗೊತ್ತು.

ಸೈಕಲ್ಲು ಹೊರಟಿತು.

ಈ ಸೈಕಲ್ಲಿನ ಬ್ರೇಕು ನಮ್ಮದರ ಉಲ್ಟಾ. ನಮ್ಮಲ್ಲಿ ಎಡಗೈ ಹಿಂದಿನ ಗಾಲಿಗೆ. ಇದರಲ್ಲಿ ಎಡಗೈ ಒತ್ತಿದರೆ ಮುಂದಿನ ಗಾಲಿ ಹಿಡಿದು ಮನುಷ್ಯ ಹ್ಯಾಂಡಲ್ ದಾಟಿ ಹೋಗುತ್ತಾನೆ. ಅದನ್ನು ನಾನು ಅವರಿಗೆ ಹೇಳಿರಲಿಲ್ಲ. ಅವರ ಎಡಗೈ ಬ್ರೇಕಿನ ಮೇಲೆ ಹೋಗುವುದು ಕಾಣಿಸಿತು. ಆಗ ನಾನು ಕೂಗಿದೆ. "ಎಡಗೈ ಬಿಡ್ರಿ ಮಾಮಾ. ಬಲಗೈ ಹಿಡೀರಿ, ಬಲಗೈ. ಹಿಂದ ಸರದು ಕುಂದ್ರಿ. ಕಲ್ಲು ನೋಡಬ್ಯಾಡ್ರಿ, ದಾರಿ ನೋಡ್ರಿ." ಕೂಗುತ್ತ ಹಿಂದೆ ಓಡಿದೆ. ಚಪ್ಪಲಿ ಎಲ್ಲಿ ಹೋದವೋ ತಿಳಿಯದು. ಪ್ರತಿ ತಿರುವಿಗೂ ಕೂಗಿದೆ. "ಈಗ ಬಲಕ್ಕ. ಈಗ ಬ್ರೇಕ್ ಬಿಡ್ರಿ. ಈಗ ಸಾವಕಾಶ." ಅವರು ನಾನು ಹೇಳಿದ್ದನ್ನೆಲ್ಲ ಮಾಡಿದರು. ಯಮನೂರಪ್ಪ ಬಿದ್ದಿದ್ದ ಮೂರನೆಯ ಕಲ್ಲಿಗೆ ಹಿಂದಿನ ಗಾಲಿ ಹತ್ತಿ ಇಳಿಯಿತು, ಅವರು ಕುಳಿತಲ್ಲೇ ಕುಳಿತಿದ್ದರು. ಅಡಿವೆವ್ವ ತನ್ನ ಬಣವಿಗೆ ಅಡ್ಡ ಕೈ ಚಾಚಿ ನಿಂತಿದ್ದಳು. ಅವಳನ್ನೂ ದಾಟಿ ಕೆರೆ ದಂಡೆಗೆ ಹೋಗಿ ನಿಂತರು. ಕಾಲು ಊರಿದ್ದು ಅಲ್ಲಿಯೇ.

ನಾನು ಏದುಸಿರು ಬಿಡುತ್ತ ಹೋದಾಗ ಅವರು ಟೊಪ್ಪಿಗೆ ಸರಿಮಾಡಿಕೊಳ್ಳುತ್ತಿದ್ದರು. ಪಂತದವರೆಲ್ಲ ಸುತ್ತ ನಿಂತಿದ್ದರು. ಅವರಲ್ಲೊಬ್ಬ, "ಯಾರಲೇ ಅಂವಾ ಮ್ಯಾಲಿಂದ ಒದರಾಂವ? ಜೋಕಾಲಿ ಆಡೂ ಹುಡಿಗ್ಯಾರೂ ನಿಂತ ಕೇಳಿದ್ರು" ಎಂದ. ನಿಮ್ಮ ಅಬ್ಬಾ ನನ್ನ ಕಡೆ ನೋಡಿದರು. ನಾನು ಬಗ್ಗಿ ಕಾಲಿನ ಮುಳ್ಳು ತೆಗೆಯುತ್ತಿದ್ದೆ. "ಇಷ್ಟ ದಿನಾ ಎಲ್ಲಿ ಇಟ್ಟಿದ್ಯೋ ಈ ಬಾಯಿ?" ಎಂದರು.

ಅವರನ್ನು ಚಾಚಾ ಎನ್ನುವಲ್ಲಿ ಮಾಮಾ ಎಂದು ಕರೆದೆನೆಂದು ಆಮೇಲೆ ಯಮನೂರಪ್ಪ ಹೇಳಿದ. ನನಗೆ ನೆನಪಿಲ್ಲ. ಕರೆದಿದ್ದರೆ ಅಂಜಿಕೆಯಲ್ಲಿ ಬಂದಿರಬೇಕು.

ಮನೆಗೆ ಬಂದು ನಾಲ್ಕು ಉಂಡಿ ತಿಂದರು. ಸೊಂಟ ಹಿಡಿದಿದೆ, ಆದರೆ ಹಸನಬಿ ಚಾಚಿಗೆ ಹೇಳಬಾರದಂತೆ. ನೀವೂ ಹೇಳಬೇಡಿ. ಯಮನೂರಪ್ಪ ಇಂದು ಸಂಜೆ ತಾನೇ ಇಳಿದು ಬಂದ. ಚಹಾ ಆರಿರಲಿಲ್ಲವಂತೆ.

ಇಷ್ಟೇ ಆದದ್ದು. ಹೆಚ್ಚು ಕಡಿಮೆ ಬರೆದಿಲ್ಲ.

ದಾದಾಪೀರ


ಕೊಣ್ಣೂರು
16 ಆಗಸ್ಟ್ 2008

ದಾದಾಪೀರ ಅವರಿಗೆ,

ಅಬ್ಬಾ ಹೇಳುತ್ತಿದ್ದಾರೆ, ನಾನು ಬರೆಯುತ್ತಿದ್ದೇನೆ. ಅಮ್ಮನೂ ಇಲ್ಲೇ ಕುಳಿತಿದ್ದಾಳೆ. ಸೊಂಟದ ವಿಷಯ ಅವಳಿಗೆ ಮೊದಲ ದಿನವೇ ಗೊತ್ತಾಯಿತು. ಅಬ್ಬಾ ನಮಾಜಿಗೆ ಬಗ್ಗಿದವರು ತಾವಾಗಿ ಏಳಲಿಲ್ಲ.

ಅಬ್ಬಾ ಹೇಳುವುದು: "ಬುಶ್‌ಗೆ ತಿಂಗಳಿಗೊಮ್ಮೆ ಗ್ರೀಸ್ ಹಾಕು. ತಟ್ಟಿಗೆ ಮಾತ್ರ ಹಾಕಬ್ಯಾಡ. ಆ ನಾಕು ಪಟ್ಟಿ ತಿರುಗಿ ಕಳಸು, ಮೂರು ಚಲೋ ಅದಾವು, ಯಾವದಾರ ಟ್ರಾಲಿಗೆ ಆಗ್ತಾವು. ಯಮನೂರಪ್ಪಗ ಹೇಳು, ನಾ ಮತ್ತೊಮ್ಮಿ ಬರ್ತೀನಿ, ಆದ್ರ ಈ ಸಲ ನೋಡಲಿಕ್ಕ ಬರ್ತೀನಿ."

ಕೊಣ್ಣೂರಿನಲ್ಲಿ ಅವರು ಈ ಕಥೆ ಬೇರೆ ರೀತಿ ಹೇಳುತ್ತಾರೆ. ಅದರಲ್ಲಿ ಅವರು ಬೇಕೆಂದೇ ಇಳಿದರಂತೆ. ನಿಮ್ಮ ಪತ್ರವನ್ನು ನಾನು ಎರಡು ಸಲ ಗಟ್ಟಿಯಾಗಿ ಓದಿದೆ. ಮೂರನೆಯ ಸಲ ಓದಿದ್ದು ಯಾರಿಗೂ ಕೇಳಿಸಲಿಲ್ಲ.

ಸವಡಿಯವರಿಗೆ ಬೇಡವೆಂದು ಜಂಗ್ಲಿಸಾಬ ಕಾಕಾ ಕೈಯಲ್ಲಿ ಹೇಳಿ ಕಳಿಸಿದ್ದಾರೆ.

ಇಷ್ಟು ಬರೆದ ಮೇಲೆ ಅಬ್ಬಾ ಇನ್ನೊಂದು ಸಾಲು ಹೇಳಿದರು. ನಾನು ಪೆನ್ನು ಕೆಳಗಿಟ್ಟೆ.

"ಬರಿ" ಎಂದರು.

"ಇದನ್ನ ನಾ ಬರೆಯಾಂಗಿಲ್ಲ ಅಬ್ಬಾ" ಎಂದೆ.

"ಯಾಕ? ತಪ್ಪೇನೈತಿ ಅದರಾಗ?"

"ತಪ್ಪಿಲ್ಲ."

"ಮತ್ತ?"

"ನನ್ನ ಲಗ್ನದ ಮಾತು ನನ್ನ ಕೈಲೆ ನಾನಽ ಹ್ಯಾಂಗ ಬರೀಲಿ?"

ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಬ್ಬಾ ಅವಳ ಕಡೆ ತಿರುಗಿ, "ನೋಡಿದ್ಯಾ ಇಕೀನ? ಇಷ್ಟ ದಿನಾ ನಾ ಹೇಳಲಾರದ್ದೆಲ್ಲಾ ಬರದ್ಲು. ಇವತ್ತು ಹೇಳಿದ್ದ ಬರಿ ಅಂದ್ರ ಒಲ್ಲೆ ಅಂತಾಳ" ಎಂದರು.

ಆದ್ದರಿಂದ ಆ ಸಾಲಿನ ಜಾಗವನ್ನು ಕೆಳಗೆ ಖಾಲಿ ಬಿಟ್ಟಿದ್ದೇನೆ. ಬರುವ ಶುಕ್ರವಾರ ನಮಾಜು ಮುಗಿದ ಮೇಲೆ ಬದರುನ್ನಿಸಾ ಚಾಚಿಯನ್ನು ಕರೆದುಕೊಂಡು ಬಂದರೆ ಅಬ್ಬಾ ಅದನ್ನು ಬಾಯಿಯಿಂದಲೇ ಹೇಳುತ್ತಾರಂತೆ. ರಂಜಾನಿಗೆ ಇನ್ನೂ ಹದಿನೈದು ದಿನ ಇದೆ, ಅಲ್ಲಿಯವರೆಗೆ ಕಾಯುವ ಅಗತ್ಯವಿಲ್ಲ.

____________________

ಹುಸ್ನಾ